ಮೆಟ್ರೊ ಗೇಟಿನಲ್ಲಿ ನಾನಾಡಿದ ಮಾತು

ನಮ್ಮ ಪ್ರಯೋಗಾಲಯದಲ್ಲಿ ಹರಳು ಬೆಳೆಸುತ್ತಿದ್ದೆವು. ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂ ಮೂರನ್ನೂ ಕುಲುಮೆಯಲ್ಲಿ ಕರಗಿಸಿ, ವಾರಗಟ್ಟಲೆ ನಿಧಾನವಾಗಿ ತಣಿಸಿದರೆ ಕಪ್ಪಗೆ ಹೊಳೆಯುವ ಗಟ್ಟಿಯೊಂದು ಸಿಗುತ್ತಿತ್ತು. ಬಹಳಷ್ಟು ಸಲ ಬಿರುಕುಬಿಟ್ಟು ಕಸಕ್ಕೆ ಹೋಗುತ್ತಿತ್ತು. ಚೆನ್ನಾಗಿ ಬಂದದ್ದನ್ನು ಸಣ್ಣ ತುಂಡು ಮಾಡಿ, ವಿಕಿರಣ ಪತ್ತೆ ಹಚ್ಚುವ ಕೈಯುಪಕರಣದೊಳಗೆ ಕೂರಿಸುತ್ತಿದ್ದೆವು.

ಹಳೆಯ ಉಪಕರಣಗಳಿಗೆ ದ್ರವ ಸಾರಜನಕ ಸುರಿದು ತಣ್ಣಗಿಡಬೇಕಿತ್ತು. ನಮ್ಮದು ದೆಹಲಿಯ ಜೂನ್ ಸೆಕೆಯಲ್ಲೂ ಕೈಯಲ್ಲಿ ಹಿಡಿದಲ್ಲೇ ಕೆಲಸ ಮಾಡುತ್ತಿತ್ತು. ವಿಕಿರಣ ಇದೆ ಎಂದಷ್ಟೇ ಅಲ್ಲ, ಯಾವ ವಸ್ತುವಿನದು ಎಂದೂ ಪರದೆಯ ಮೇಲೆ ತೋರಿಸುತ್ತಿತ್ತು. ಪರಮಾಣು ವಸ್ತುಗಳನ್ನು ಕದ್ದು ಸಾಗಿಸುವವರನ್ನು ಹಿಡಿಯಲಿಕ್ಕೆಂದು ಮಾಡಿದ್ದು. ಆರು ವರ್ಷದ ಕೆಲಸ. ಒಂದು ಮೆಟ್ರೊ ನಿಲ್ದಾಣದ ತಪಾಸಣೆ ಗೇಟಿನಲ್ಲಿ ಮೂರು ದಿನ ಪರೀಕ್ಷಿಸಲು ಅನುಮತಿ ಸಿಕ್ಕಾಗ ಲೋಧಿ ಕಾಲೋನಿಯ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ.

ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಉಪಕರಣ ಕೂಗಿಕೊಂಡಿತು. ಸಾಲಿನಲ್ಲಿದ್ದವರು ಐವತ್ತೈದು ದಾಟಿದ ಗಂಡಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಜೊತೆಗೆ ಹೆಂಡತಿ, ಕೈಯಲ್ಲಿ ಮಗುವಿನ ಬಟ್ಟೆಗಳ ಚೀಲ. ಕಾವಲಿನವನು ಅವರನ್ನು ಪಕ್ಕಕ್ಕೆ ಕರೆದು, “ಜೇಬಿನಲ್ಲೇನಿದೆ? ಚಲೋ, ಬ್ಯಾಗ್ ತೆಗೀರಿ” ಎಂದು ಹಿಂದಿಯಲ್ಲಿ ಗದರಿಸಿದ. ಅವರು ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತರು. ಅದನ್ನು ಕಂಡು ಇನ್ನಿಬ್ಬರು ಕಾವಲಿನವರು ಬಂದರು. ಚೀಲದಲ್ಲಿದ್ದ ಕುಲಾವಿ, ಜಬಲಾಗಳೆಲ್ಲ ಮೇಜಿನ ಮೇಲೆ ಬಿದ್ದವು.

“ಏನ್ರೀ ಇದು? ಏನಾದ್ರೂ ಹೇಳ್ರೀ!” ಎಂದರು ಹೆಂಡತಿ, ಅಳುವ ದನಿಯಲ್ಲಿ.

ಕನ್ನಡ! ನಾನು ಓಡಿದೆ. ಅಷ್ಟರಲ್ಲಿ ಪರದೆಯ ಮೇಲೆ ಹೆಸರು ಮೂಡಿತ್ತು: ಅಯೋಡಿನ್ ೧೩೧. ಆ ಗಂಡಸಿನ ಕುತ್ತಿಗೆಯ ಬುಡದಲ್ಲಿ ಶಸ್ತ್ರಚಿಕಿತ್ಸೆಯ ಗೆರೆಯೂ ಕಂಡಿತು. ಕಾವಲಿನವರಿಗೆ ಹಿಂದಿಯಲ್ಲಿ, ಇದು ಔಷಧಿ, ಇವರು ರೋಗಿ, ಬಿಡಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮ ಯಂತ್ರ ಗೆದ್ದ ಖುಷಿ, ಊರಿನವರು ಸಿಕ್ಕ ಖುಷಿ. ಹೆಂಡತಿಯ ಕಡೆ ತಿರುಗಿ ಹೇಳಿಬಿಟ್ಟೆ: “ಹೆದರ್ಕೋಬೇಡಿ. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕೊಟ್ಟಿರ್ತಾರಲ್ಲ, ಅದು ಮೈಯಲ್ಲಿ ಸ್ವಲ್ಪ ದಿನ ಇರುತ್ತೆ. ಅದಕ್ಕೇ ಕೂಗಿದ್ದು.”

ಆಕೆ ನನ್ನನ್ನೇ ನೋಡಿದರು. ಆಮೇಲೆ ಗಂಡನನ್ನು. “ಬರೀ ಗಂಟು ಅಂದ್ರಲ್ಲ?”

ಅವರು ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮೊದಲೇ ತೋರಿಸಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಹೆಂಡತಿಯ ಎದುರಿಗೆ ತೋರಿಸಬಾರದೆಂದೇ ಅಷ್ಟೂ ಹೊತ್ತು ಬೈಸಿಕೊಂಡು ನಿಂತಿದ್ದರು.

“ಹಂಗಾದ್ರೆ ಲಖನೌ ಟೂರು?”

“ಆಸ್ಪತ್ರೇಲಿದ್ದೆ,” ಎಂದರು ಅವರು ಸಣ್ಣ ದನಿಯಲ್ಲಿ.

“ಮೊಮ್ಮಗೂನ ಎತ್ಕೊಳ್ಳಲಿಲ್ಲ ಅಂತ ನಿನ್ನೆ ಎಷ್ಟು ಬೈದೆ ನಾನು.”

ಅವರು ಬಗ್ಗಿ ಜಬಲಾಗಳನ್ನು ಒಂದೊಂದಾಗಿ ಮಡಿಸತೊಡಗಿದರು. ನನಗೆ ಸಹಾಯ ಮಾಡುವ ಧೈರ್ಯವಾಗಲಿಲ್ಲ. ಹೊರಡುವಾಗ ಆಕೆ ಕೇಳಿದರು, “ಮೆಟ್ರೊದಲ್ಲಿ ನಾನು ಇವರ ಪಕ್ಕ ಕೂತ್ಕೋಬಹುದಾ?”

“ಕೂತ್ಕೋಬಹುದಮ್ಮ. ವಿಕಿರಣ ಈಗ ತುಂಬ ಕಮ್ಮಿಯಾಗಿದೆ. ಮಗು ಮಾತ್ರ ಡಾಕ್ಟರು ಹೇಳೋವರೆಗೂ ಬೇಡ,” ಎಂದು ನನ್ನ ಫೋನ್ ನಂಬರ್ ಬರೆದುಕೊಟ್ಟೆ. ಪೇಟೆಯಲ್ಲಿ ಬಟ್ಟೆ ಕೊಂಡು ಗುರುಗ್ರಾಮದ ಮಗಳ ಮನೆಗೆ ಹೊರಟಿದ್ದರಂತೆ. ಗೇಟು ದಾಟಿದ ಮೇಲೆ ಆ ಕಡೆ ಹೋಗಲಿಲ್ಲ. ತಮ್ಮ ಮನೆ ಕಡೆ ವಾಪಸು ಹೋಗುವ ಪ್ಲಾಟ್‌ಫಾರ್ಮಿಗೆ ಇಳಿದರು.

ವರದಿಯಲ್ಲಿ ಅದು ನಮ್ಮ ಅತ್ಯುತ್ತಮ ಫಲಿತಾಂಶ. ವಸ್ತುವಿನ ಗುರುತು ಸರಿ, ತೆಗೆದುಕೊಂಡ ಸಮಯ ಕಡಿಮೆ. ಗೇಟಿನಲ್ಲಿ ಸಿಕ್ಕವರನ್ನು ಮೊದಲು ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕು ಎಂದು ನಿಯಮಗಳಲ್ಲಿ ಸೇರಿಸಲು ಬರೆದೆ. “ಇದು ನಮ್ಮ ವಿಭಾಗದ ವಿಷಯ ಅಲ್ಲ” ಎಂದು ಮೇಲಿನವರು ಆ ಸಾಲನ್ನು ಹೊಡೆದುಹಾಕಿದರು. ನಾನೂ ವಾದಿಸಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಆಕೆಯ ಫೋನ್ ಬಂತು. ರೋಗ ಶ್ವಾಸಕೋಶಕ್ಕೆ ಹಬ್ಬಿ ಗಂಡ ತೀರಿಕೊಂಡು ತಿಂಗಳಾಗಿತ್ತು. ಸರೋಜಿನಿ ನಗರದ ಕ್ವಾರ್ಟರ್ಸ್ ಬಿಡಬೇಕು, ಸಾಮಾನು ಕಟ್ಟುವಾಗ ನನ್ನ ನಂಬರಿನ ಚೀಟಿ ಸಿಕ್ಕಿತಂತೆ. ನೀವು ಹೇಳಿದ್ದರಿಂದ ಕೊನೆಯ ತಿಂಗಳುಗಳಲ್ಲಾದರೂ ಪಕ್ಕದಲ್ಲಿದ್ದು ನೋಡಿಕೊಂಡೆ ಎನ್ನುತ್ತಾರೇನೋ, ನನ್ನ ಮನಸ್ಸು ಹಗುರವಾಗುತ್ತದೇನೋ ಎಂದು ಕಾಯುತ್ತಿದ್ದೆ.

“ಮೊಮ್ಮಗೂನ ನಾಮಕರಣ ಆದ್ಮೇಲೆ ಅವರಾಗೇ ಹೇಳೋರಿದ್ರಂತೆ,” ಎಂದರು ಆಕೆ. “ನನ್ನನ್ನ ಎದುರಿಗೆ ಕೂರಿಸ್ಕೊಂಡು ಹೆಂಗೆ ಹೇಳ್ಬೇಕು ಅಂತೆಲ್ಲ ಯೋಚಿಸಿಟ್ಟಿದ್ರಂತೆ. ನೀವು ಅವರ ಕೈಯಿಂದ ಅದನ್ನ ಕಿತ್ಕೊಂಡ್ರಿ. ಇದನ್ನ ನಿಮಗೆ ಹೇಳ್ಬೇಕಿತ್ತು, ಅಷ್ಟೇ.”

“ತಪ್ಪಾಯ್ತಮ್ಮ,” ಎಂದೆ.

“ಹೂಂ,” ಎಂದು ಫೋನ್ ಇಟ್ಟರು.