ಚಕ್ರವರ್ತಿಯ ಎಡಗೈ

ಗಲ್ಫಿನ ಅಲ್ ನಹ್ದಾದ ನಮ್ಮ ಬಿಲ್ಡಿಂಗಿನಲ್ಲಿ, ಕೆಲಸ ಬಿಟ್ಟು ಊರಿಗೆ ವಾಪಸಾಗುವವರು ಬೇಡದ್ದನ್ನೆಲ್ಲ ಲಿಫ್ಟಿನ ಹತ್ತಿರ ಇಟ್ಟುಹೋಗುತ್ತಿದ್ದರು. ಆ ಪುಸ್ತಕ ನನಗೆ ಸಿಕ್ಕಿದ್ದು ಹಾಗೆ. ಚೀನಾದ ಹಳೆಯ ಚಕ್ರವರ್ತಿಯೊಬ್ಬ ತಾನೇ ಬರೆದುಕೊಂಡ ಮಾತುಗಳು, ಇಂಗ್ಲಿಷಿನಲ್ಲಿ. ಮಗಳು, ಅಳಿಯ ಆಫೀಸಿಗೆ, ಮೊಮ್ಮಗಳು ಅಲ್ ಕುಸೈಸಿನ ಸ್ಕೂಲಿಗೆ ಹೋದ ಮೇಲೆ ಕಿಟಕಿಯ ಪಕ್ಕ ಕೂತು ಓದುತ್ತಿದ್ದೆ. ಬೇಟೆ, ಕುದುರೆ ಎಂದು ಹರಟುತ್ತಿದ್ದ ಮನುಷ್ಯ ಮುದುಕನಾಗುತ್ತ ತನ್ನ ತಲೆಸುತ್ತಿನ ಬಗ್ಗೆ, ಗದ್ದುಗೆಗಾಗಿ ಕಾದಿದ್ದ ಮಕ್ಕಳ ಬಗ್ಗೆ ಬರೆಯತೊಡಗುತ್ತಾನೆ. ಬಲಗೈ ಏಳದೆ ಹೋದಾಗ, ಕೆಂಪು ಶಾಯಿಯ ಅಪ್ಪಣೆಗಳನ್ನು ಬೇರೆ ಯಾರಿಗೂ ಬಿಡದೆ ಎಡಗೈಯಲ್ಲೇ ಬರೆದನಂತೆ.

ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಬಿಟ್ಟೆ. ನನ್ನ ಬಲಗೈಯ ಬೆರಳುಗಳೂ ಆ ವಾರ ಜೋಮು ಹಿಡಿದಂತಿದ್ದವು. ಯಾರಿಗೂ ಹೇಳಿರಲಿಲ್ಲ. ನನ್ನ ವೀಸಾ ರಿನ್ಯೂ ಆಗಬೇಕಿತ್ತು, ಇನ್ಶೂರೆನ್ಸಿನವರು ಕಾಯಿಲೆಗಳನ್ನೆಲ್ಲ ಕೇಳುತ್ತಾರೆ. ಸ್ಟ್ರೋಕ್ ಅಂದರೆ ಖಲಾಸ್, ಊರಿಗೆ ಕಳಿಸುತ್ತಾರೆ, ಮೊಮ್ಮಗಳು ಫೋನಿನ ಸ್ಕ್ರೀನಿನಲ್ಲಿ ಮಾತ್ರ. ಇಡೀ ದಿನ ಅದೇ ಹೆದರಿಕೆ.

ಹಾಗಾಗಿ ನಾನೂ ಎಡಗೈಯನ್ನು ಎಬ್ಬಿಸಿದೆ. ಚಿಕ್ಕಂದಿನಲ್ಲಿ ಅದೇ ನನ್ನ ಕೈ. ಕಾನ್ವೆಂಟಿನ ಸಿಸ್ಟರ್ ಸ್ಕೇಲಿನಲ್ಲಿ ಹೊಡೆದು ಬಿಡಿಸಿದ್ದರು. ಬಾಗಿಲು, ಬಾಚಣಿಗೆ ಎಲ್ಲ ಸಲೀಸಾಯಿತು. ಊಟ ಮಾತ್ರ ಎಲ್ಲರಿಗಿಂತ ಮೊದಲೇ, ಒಬ್ಬಳೇ, ಸ್ಪೂನಿನಲ್ಲಿ. ಪೂರ್ ಎಂಪರರ್, ನಿನಗೇನಾಯಿತು ಎಂದು ಕೇಳುವವರಾದರೂ ಇರಲಿಲ್ಲ ಅಂದುಕೊಳ್ಳುತ್ತಿದ್ದೆ.

ಶುಕ್ರವಾರ, ಎಲ್ಲರಿಗೂ ರಜೆ. ಮಗಳು ಪೂಜೆ ಮುಗಿಸಿ ಪ್ರಸಾದ ತಂದಳು. ಓದುತ್ತ ಕೂತಿದ್ದವಳ ಕೈ ತಾನಾಗಿ ಚಾಚಿತು.

“ಅಜ್ಜೀ, ಲೆಫ್ಟ್ ಹ್ಯಾಂಡ್! ನಂಗೆ ಮಾತ್ರ ಬೈತೀರಿ!” ಮೊಮ್ಮಗಳು ನಕ್ಕಳು.

ಮಗಳು ನಗಲಿಲ್ಲ. “ಎಂತಮ್ಮಾ ಇದು? ಬಲಗೈ ಕೊಡಿ.”

“ಅದರಲ್ಲಿ ಪುಸ್ತಕ ಉಂಟಲ್ಲ ಮಾರಾಯ್ತಿ.”

ಪುಸ್ತಕ ಆಗಲೇ ನೆಲಕ್ಕೆ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಅಳಿಯ ಕಾರಿನ ಕೀ ತೆಗೆದುಕೊಂಡ.

“ವೀಸಾ...” ಅಂದೆ.

“ಅದೆಲ್ಲ ಆಮೇಲೆ ನೋಡುವ ಅತ್ತೆ. ಯಲ್ಲಾ, ಹೊರಡುವ, ಏಳಿ.”

ಆಸ್ಪತ್ರೆಯ ದಾರಿಯುದ್ದಕ್ಕೂ ಮೊಮ್ಮಗಳು ನನ್ನ ಬಲಗೈ ಹಿಡಿದಿದ್ದಳು. “ಗಟ್ಟಿ ಒತ್ತುತ್ತಾ ಇದ್ದೇನೆ ಅಜ್ಜಿ. ಕ್ಯಾನ್ ಯೂ ಫೀಲ್ ಇಟ್?” ಒತ್ತಿ ಒತ್ತಿ ಅವಳ ಬೆರಳ ತುದಿಗಳು ಬಿಳಚಿಕೊಂಡದ್ದು ಕಾಣುತ್ತಿತ್ತು. ಕಂಡಷ್ಟೇ ನನಗೆ ಗೊತ್ತಾದದ್ದು.

“ಇಲ್ಲ ಮಗಾ,” ಅಂದೆ.

ಮುಂದಿನ ಸೀಟಿನಲ್ಲಿದ್ದ ಮಗಳು ತಿರುಗಿ ನೋಡದೆ, “ಸ್ವಲ್ಪ ಬೇಗ ಹೋಗಿ,” ಎಂದಳು ಗಂಡನಿಗೆ.