ಒಳಪೊರೆ ಬಲ್ಲವನು

ಮಕ್ಕಳೇ, ನಾನು ಅಮೃತಹಳ್ಳಿಗೆ ಸೊಸೆಯಾಗಿ ಬಂದ ಕಾಲದಲ್ಲಿ ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಊರಿಗೆಲ್ಲ ಕುರಿ ಕೊಯ್ದು ಮಾಂಸವನ್ನು ಪಾಲಿನ ಗುಡ್ಡೆ ಹಾಕುವವನು ಒಬ್ಬನೇ ಇದ್ದ. ಹೊಟ್ಟೆ ಸೀಳುವಾಗ ಚೂರಿಯ ಅಲಗನ್ನು ಮೇಲ್ಮುಖ ಮಾಡಿ, ಅದರ ಕೆಳಗೆ ತನ್ನ ಎರಡು ಬೆರಳು ಇಟ್ಟುಕೊಂಡೇ ಸಾಗುತ್ತಿದ್ದ. ಕರುಳಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. "ಎದೆ ಒಂದು ಗೂಡು, ಹೊಟ್ಟೆ ಒಂದು ಗೂಡು. ಗೂಡಿಗೆಲ್ಲ ಒಳಗಡೆ ಪೊರೆ ಐತೆ, ನೋಡ್ಕಳಿ" ಎಂದು ಪ್ರತಿ ಸಲವೂ ಹೇಳುತ್ತಿದ್ದ.

ಒಂದು ಬೆಳಿಗ್ಗೆ ನಮ್ಮ ಗಬ್ಬದ ಹಸುವಿಗೆ ಹೋರಿ ತಿವಿದು ಹೊಟ್ಟೆಯ ಚರ್ಮ ಹರಿಯಿತು. ಗಾಯದಿಂದ ಬಿಳಿಯ ಚೀಲದಂತೆ ಏನೋ ಉಬ್ಬಿ ಬಂತು. ಮಾವನವರು ಅದಕ್ಕೆ ಒಲೆಯ ಬೂದಿ ಮೆತ್ತಲು ಹೊರಟರು. ಅಷ್ಟರಲ್ಲಿ ಆ ಕುರಿ ಕೊಯ್ಯುವವನು ಓಡಿ ಬಂದ.

"ಕುರಿ ಕುಯ್ಯೋನಿಗೆ ಹಸು ಹತ್ರ ಏನ್ಲಾ ಕೆಲಸ? ಆಚೆ ನಿಲ್ಲು" ಎಂದರು ಮಾವ.

"ಬೈಯೋದು ಆಮೇಲೆ ಬೈಯಿರಿ ಗೌಡ್ರೆ, ಬೂದಿ ಮಾತ್ರ ಬ್ಯಾಡ. ಚರ್ಮ ಹೋಗೈತೆ, ಒಳಪೊರೆ ಹರಿದಿಲ್ಲ. ಕರುಳು ಇನ್ನೂ ಅದರೊಳಗೇ ಐತೆ. ಅವ್ವಾ, ಕಾಯಿಸಿ ಆರಿಸಿದ ನೀರು, ಒಗೆದ ಸೀರೆ ತತ್ತಾ."

ನಾನು ಮಾವನ ಮುಖ ನೋಡದೆ ನನ್ನ ಸೀರೆಯನ್ನೇ ಕೊಟ್ಟೆ. ಅವನು ಅದನ್ನು ಒದ್ದೆ ಮಾಡಿ ಹಸುವಿನ ಹೊಟ್ಟೆಗೆ ಸುತ್ತಿ, ಹೆಬ್ಬಾಳದಿಂದ ದನದ ಡಾಕ್ಟರು ಬರುವವರೆಗೂ ಎರಡು ಅಂಗೈಯಲ್ಲಿ ಆನಿಸಿಕೊಂಡು ಮಂಡಿಯೂರಿ ಕುಳಿತ.

ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, "ಯಾರಪ್ಪ ನಿಂಗೆ ಇದನ್ನ ಕಲಿಸಿದ್ದು?" ಎಂದರು.

"ಕುರಿಗಳೇ ಸ್ವಾಮಿ. ಬಿಚ್ಚೋದು ನಂಗೆ ಗೊತ್ತು, ಹೊಲಿಯೋದು ನಿಮ್ಮದು."

ಹಸು ಬದುಕಿತು. ಅದು ಕರು ಹಾಕಿದಾಗ ಮೊದಲ ಗಿಣ್ಣನ್ನು ಮಾವನವರು ತಾವೇ ಅವನ ಮನೆಗೆ ಹೊತ್ತುಕೊಂಡು ಹೋದರು.