ಹಳೆ ನೀರು ಇದ್ದರೆ ಕೊಡ್ರಿ

ಮೊನ್ನೆ ನಾನು ಕೊಡ ಹಿಡಿದುಕೊಂಡು ಓಣಿಯ ಮನೆಮನೆಗೆ ಹೋಗಿ ಹಳೆ ನೀರು ಬೇಡಿದೆ. ಎರಡು ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ ಇದ್ದವಂತೆ. (ಇದು ನನ್ನ ಹೆಂಡತಿ ಸುಮಿತ್ರಾ ಹೇಳಿದ್ದು. ನನಗೆ ನೆನಪಿರಲಿಲ್ಲ. ಆಕೆ ಹೇಳಿದ ಮೇಲೆ ನೆನಪಾಗತೊಡಗಿದೆ. ಅದೇ ನನಗೆ ಅನುಮಾನ.)

ಗಜೇಂದ್ರಗಡದಲ್ಲಿ ನಳಕ್ಕೆ ನೀರು ಬಂದ ದಿನ ಹಳೆ ನೀರು ಕೇಳುವವನನ್ನು ಜನ ಹೇಗೆ ನೋಡುತ್ತಾರೆ ಗೊತ್ತೇ?

ಎಲ್ಲ ಒಂದು ಮೀನಿಗಾಗಿ. ಪಕ್ಕದ ಮನೆಯ ಶಮ್‌ಶಾದಬಿ ಬಟ್ಟೆ ಹೊಲಿಯುವವರು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗದಾದಾಗ ಮಷಿನ್ನಿಗೆ ಬಟ್ಟೆ ಹೊದಿಸಿ, ಮಗಳು ತಂದುಕೊಟ್ಟಿದ್ದ ಗೋಲ್ಡ್‌ಫಿಶ್ ಮುಂದೆ ಕೂರತೊಡಗಿದರು. ಅದಕ್ಕೆ ಶಹಜಾದಿ, ಅಂದರೆ ರಾಜಕುಮಾರಿ, ಎಂದು ಹೆಸರಿಟ್ಟರು. ಆಪರೇಶನ್‌ಗೆಂದು ಗಂಡ ರಫೀಕ್‌ಸಾಬರ ಜೊತೆ ಹುಬ್ಬಳ್ಳಿಗೆ ಹೊರಟಾಗ ಗಾಜಿನ ತೊಟ್ಟಿ ನಮ್ಮ ಹಾಲ್‌ಗೆ ಬಂತು.

"ಕಣ್ಣ ಚಲೋ ಆದ ಮ್ಯಾಲ ಮನಿಗೆ ಬಂದು ಮೊದಲ ಇಕಿನ್ನ ನೋಡಬೇಕರಿ ಅಣ್ಣಾರ. ಜೀವಂತ ಇಡ್ರಿ, ಅಷ್ಟ" ಎಂದರು.

ಇಟ್ಟಿದ್ದೆ. ಅವರು ವಾಪಸ್ ಬರುವ ದಿನದವರೆಗೂ ಇಟ್ಟಿದ್ದೆ.

ಅದೇ ದಿನ ನಳ ಬಂತು. ನಮ್ಮಲ್ಲಿ ಅದು ವಾರಕ್ಕೊಮ್ಮೆಯೋ, ಅದಕ್ಕೂ ತಡವಾಗಿಯೋ ಬರುವ ಅತಿಥಿ. ಬಂತೆಂದರೆ ಕೊಡ, ಹಂಡೆ, ಡ್ರಮ್ಮು ಎಲ್ಲದರ ಹಳೆ ನೀರು ಅಂಗಳಕ್ಕೆ. ತಿಕ್ಕಿ ತೊಳೆದು ಹೊಸದು ತುಂಬಬೇಕು. ಜೊತೆಗೆ, ಇನ್ನೊಬ್ಬರ ಮನೆಯ ಪಾತ್ರೆಯನ್ನು ತೊಳೆದೇ ವಾಪಸ್ ಕೊಡಬೇಕೆಂದು ಕಲಿತವರು ನಾವು. ತೊಟ್ಟಿಯೂ ಒಂದು ಪಾತ್ರೆಯೇ ಅಲ್ಲವೇ? ನಾನೇ ತಿಕ್ಕಿದೆ. ಕಲ್ಲುಗಳನ್ನೂ ತಿಕ್ಕಿದೆ. ನಳದ ನೀರು ತುಂಬಿ, ಫಳಫಳ ಹೊಳೆಯುವ ಗಾಜಿನೊಳಗೆ ಶಹಜಾದಿಯನ್ನು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಅದು ಮೇಲೆ ಬಂದು ಬಾಯಿ ಬಡಿಯತೊಡಗಿತು. ಬಗ್ಗಿ ನೋಡಿದೆ. ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕೆಗಳು!

ಮೊಬೈಲ್ ತೆಗೆದೆ. ಬಿಳಿ ಚುಕ್ಕೆ ರೋಗ, ಪರಾವಲಂಬಿ ಜೀವಿ, ಮೀನು ಸಾಯಬಹುದು, ಉಪ್ಪು ಹಾಕಿ ಎಂದಿತು. ಸುಮಿತ್ರಾ ಉಪ್ಪಿನ ಡಬ್ಬಿ ಹಿಡಿದು ನಿಂತಳು. ಹಾಕುವ ಮೊದಲು ಯಾರನ್ನಾದರೂ ಕೇಳೋಣ ಎಂದು ಬುದ್ಧಿ ಬಂದದ್ದು ನನಗೆ. (ಅವಳ ಪ್ರಕಾರ ಅವಳಿಗೆ. ಇಬ್ಬರೂ ಅಷ್ಟೇ ಖಚಿತವಾಗಿ ಹೇಳುತ್ತೇವೆ.) ರೋಣದಲ್ಲಿ ಪಶುವೈದ್ಯನಾಗಿರುವ ಗೆಳೆಯ ಶರಣಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಯಾವುದೋ ಕೊಟ್ಟಿಗೆಯಲ್ಲಿದ್ದ. ಪರದೆಯ ಅರ್ಧ ಭಾಗ ಎಮ್ಮೆ.

ರಾತ್ರೋರಾತ್ರಿ ಚುಕ್ಕೆ ಎದ್ದಿವೆ, ನಿನ್ನೆ ಇರಲಿಲ್ಲ ಎಂದು ಆಣೆ ಮಾಡಿ ಹೇಳಿದೆ. ಅವನು ಆಣೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಮೈಮೇಲೆ, ಬಾಲದ ಮೇಲೆ ಚುಕ್ಕೆ ಇವೆಯಾ ಎಂದ. ಇಲ್ಲ. ಕಲ್ಲಿಗೆ ಮೈ ಉಜ್ಜುತ್ತಿತ್ತಾ? ಇಲ್ಲ. ನಿನ್ನೆ ತಿಂತಾ? ಬಕಾಸುರನಂತೆ.

ರೋಗವಾದರೆ ಉಪ್ಪಿನ ಹರಳು ಚೆಲ್ಲಿದಂತೆ ಮೈ, ಬಾಲ, ರೆಕ್ಕೆ ಎಲ್ಲ ಕಡೆ ಚುಕ್ಕೆ ಬೀಳುತ್ತವಂತೆ. ಮೀನು ತುರಿಕೆಗೆ ಕಲ್ಲು ಹುಡುಕುತ್ತದಂತೆ. ಆಗ ನೀರನ್ನು ನಿಧಾನವಾಗಿ ಬೆಚ್ಚಗೆ ಮಾಡಿ, ಔಷಧವನ್ನು ಅಳತೆಯಲ್ಲೇ ಹಾಕಬೇಕಂತೆ. ರೆಕ್ಕೆಯ ಅಂಚು ಕೊಳೆತು ಹರಿದಂತಿದ್ದರೆ ಅದು ಬೇರೆ ರೋಗ, ಹೆಚ್ಚಾಗಿ ಹೊಲಸು ನೀರಿನಿಂದ ಬಂದದ್ದು. ಹೊಟ್ಟೆ ಉಬ್ಬಿ ಹುರುಪೆಗಳು ನಿಗುರಿ ನಿಂತರೆ ಮಾತ್ರ ಆಸೆ ಕಡಿಮೆ.

"ನಿನ್ನ ಮೀನಿಗೆ ಇದ್ಯಾವ್ದೂ ಇಲ್ಲೋ ಮಾರಾಯ. ಕಿವಿರಿನ ಮ್ಯಾಲ ಅಷ್ಟ ಚುಕ್ಕಿ ಅದಾವಂದ್ರ ಅದು ಗಂಡು. ಹರೆಯಕ್ಕ ಬಂದೈತಿ" ಎಂದ.

ಶಹಜಾದಿ ಗಂಡೇ?

"ಮತ್ಯಾಕ ಬಾಯಿ ಬಡೀತೈತಿ?"

"ನೀರ ಯಾವಾಗ ಬದಲಿಸಿದಿ?"

ಹೇಳಿದೆ. ಎಮ್ಮೆ ಕೂಡ ನನ್ನತ್ತ ತಿರುಗಿದಂತಿತ್ತು. ನಳದ ನೀರಿನಲ್ಲಿರುವ ಬ್ಲೀಚಿಂಗ್ ಪೌಡರ್ ಕಿವಿರನ್ನು ಸುಡುತ್ತದಂತೆ. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಬೇಕಂತೆ, ಅದೂ ಹಿಂದಿನ ದಿನ ತೆರೆದಿಟ್ಟ ನೀರಿನಿಂದ. ಲಗೂ ಹಳೆ ನೀರು ಹುಡುಕು ಎಂದು ಫೋನ್ ಇಟ್ಟ.

ಹಳೆ ನೀರು! ನಳ ಬಂದ ದಿನ!

ಮೊದಲ ಮನೆಯಲ್ಲಿ ಹೊಸದೇ ಒಯ್ಯಿರಿ ಎಂದು ಒತ್ತಾಯ ಮಾಡಿದರು. ಎರಡನೆಯ ಮನೆಯಾಕೆಗೆ ಬೇಸರವೇ ಆಯಿತು; ನಾವೇನು ನೀರು ಹಳಸಿ ಇಡುವವರೇ? ಓಣಿಗೆ ಓಣಿಯೇ ಅಷ್ಟು ಶುಚಿ. ಆ ಹೊತ್ತಿಗೆ ರಫೀಕ್‌ಸಾಬರ ಫೋನ್: ನರಗುಂದ ದಾಟಿದ್ದೇವೆ, ಶಹಜಾದಿ ಹೇಗಿದ್ದಾಳೆ ಎಂದು ಮನೆಯವರು ಕೇಳುತ್ತಿದ್ದಾರೆ. ಹುಷಾರಾಗಿದ್ದಾಳೆ ಎಂದೆ.

ಉಳಿದದ್ದು ಮೂಲೆಮನೆಯ ಈರಣ್ಣ, ನಿವೃತ್ತ ಬಸ್ ಕಂಡಕ್ಟರ್. ಡ್ರಮ್ಮು ತೊಳೆಯುವುದಿಲ್ಲವೆಂದು ಇಡೀ ಓಣಿಯಿಂದ ಬೈಸಿಕೊಳ್ಳುವ ಮನುಷ್ಯ. ಬಾಗಿಲಲ್ಲಿ ನಿಂತು ಕೇಳಿದೆ.

"ಹಳೇದೇನು? ಯಾವ ವಾರದ್ದು ಬೇಕು ಹೇಳ್ರಿ."

ಅಪ್ಪಿಕೊಳ್ಳುವುದೊಂದು ಬಾಕಿ. ಎರಡು ಸಲ ಹೊತ್ತೆವು, ಎರಡನೆಯದನ್ನು ಈರಣ್ಣನೇ ತಂದ. ಇನ್ನು ಮೇಲೆ ನನ್ನ ಡ್ರಮ್ಮನ್ನು ಯಾರಾದರೂ ಬೈದರೆ ಅವರನ್ನು ನಿಮ್ಮ ಹತ್ತಿರ ಕಳಿಸುತ್ತೇನೆ ಎಂದ. ಶಹಜಾದಿಯನ್ನು ಆ ನೀರಿಗೆ ಬಿಟ್ಟು ಮೂವರೂ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಎಷ್ಟು ಹೊತ್ತು? ಹೇಳಲಾರೆ. ಒಮ್ಮೆ ಅದು ತಳಕ್ಕೆ ಇಳಿಯಿತು. ಕಲ್ಲಿನ ಮೇಲೆ ಮೂತಿಯಾಡಿಸಿತು. ಬಾಯಿ ಬಡಿಯುವುದು ನಿಂತಿತ್ತು. ಸುಮಿತ್ರಾ ಉಪ್ಪಿನ ಡಬ್ಬಿಯನ್ನು ಆಗ ಕೆಳಗಿಟ್ಟಳು.

ಇನ್ನೊಂದು ಸಂಗತಿ. ತೊಟ್ಟಿ ನಮ್ಮ ಮನೆಗೆ ಬಂದ ದಿನ ತೆಗೆದ ಫೋಟೋ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದರೆ ಚುಕ್ಕೆಗಳು ಅಲ್ಲೇ ಇವೆ! ಭಯ ಬಿದ್ದ ಕೂಡಲೇ ನನ್ನ ನೆನಪು ಹಿಂದಕ್ಕೆ ಓಡಿ, ನಿನ್ನೆಯ ಮೀನಿನ ಮೈಯಿಂದ ಅವನ್ನು ಒರೆಸಿ ಬಂದಿತ್ತು. ರೋಗಿಯ ಕಡೆಯವರು ಡಾಕ್ಟರ ಮುಂದೆ ಹೇಳುವುದೆಲ್ಲ ಇಂಥದೇ ಇರಬಹುದೇ?

ಸಂಜೆ ಶಮ್‌ಶಾದಬಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮನೆಗೂ ಹೋಗದೆ ನೇರ ನಮ್ಮ ಹಾಲ್‌ಗೆ. ನಾನು ನಡೆದದ್ದನ್ನು ಹೇಳತೊಡಗಿದೆ: ಚುಕ್ಕೆ, ನಳ, ಗಂಡು ಎಂಬುದು. ಹೆಸರು ಅದೇ ಇರಲಿ ಬಿಡಿ ಎಂದರು. ಉಳಿದದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕನ್ನಡಕ ತುಸು ಸರಿಸಿ, ಗಾಜಿಗೆ ಮುಖ ಹತ್ತಿರ ತಂದು ನೋಡುತ್ತಲೇ ಇದ್ದರು.

"ಇದು ಇಷ್ಟ ಕೆಂಪ ಐತೇನ್ರಿ ಅಣ್ಣಾರ? ನಾ ಇಷ್ಟ ದಿನ ಕಂದು ಅಂದ್ಕೊಂಡಿದ್ದೆ."

ಕಣ್ಣು ನೆಟ್ಟಗಿದ್ದ ನಾನು ನೋಡಿದ್ದು ಬರೀ ಚುಕ್ಕೆ.